ಕತ್ತರಿಯಕ್ಕನ ಮಗಳು ಅಳಲಿಲ್ಲ

ಚಿಕ್ಕಮ್ಮ ಒದ್ದೆ ಬಟ್ಟೆಯನ್ನು ಕಿತ್ತು ನೆಲಕ್ಕೆ ಎಸೆದರೂ ಮಗಳು ಕಣ್ಣು ತೆರೆಯಲಿಲ್ಲ. ತೆರೆದರೆ ಎದುರಿನ ಗೂಟದಲ್ಲಿ ಅಮ್ಮನ ಕೆಲಸದ ನಿಲುವಂಗಿ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು.

"ಹೊರಗೆ ನಿಮ್ಮಮ್ಮನ್ನ ಮಲಗಿಸಿದಾರೆ. ಊರಿಗೆ ಊರೇ ಬಂದು ಅಳ್ತಾ ಇದೆ. ನೀನು ನೋಡಿದ್ರೆ ಇಲ್ಲಿ ಕಣ್ಣಿಗೆ ತಣ್ಣೀರ ಪಟ್ಟಿ ಹಾಕ್ಕೊಂಡು ಮಲಗಿದೀಯ. ಏನೇ ಇದು?"

"ಅಳಬಾರದು ಚಿಕ್ಕಮ್ಮ. ಅತ್ತರೆ ಕಣ್ಣು ಜಾರುತ್ತೆ."

"ಜಾರ್ಲಿ ಬಿಡೆ! ಅಮ್ಮ ಸತ್ತಾಗಲೂ ಜಾರದ ಕಣ್ಣು ಇದ್ದರೆಷ್ಟು, ಹೋದರೆಷ್ಟು?"

ಚಿಕ್ಕಮ್ಮ ಬಾಗಿಲು ಬಡಿದು ಹೊರಟುಹೋದಳು. ಮಗಳು ತಡಕಾಡಿ ಬಟ್ಟೆಯನ್ನು ಎತ್ತಿಕೊಂಡು, ಬೋಗುಣಿಯ ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಕಣ್ಣಿಗೆ ಒತ್ತಿಕೊಂಡಳು.

ಅವಳ ಎಡಗಣ್ಣಿಗೆ ಒಂದು ಕೆಟ್ಟ ಚಾಳಿಯಿತ್ತು. ದಣಿದರೆ, ನಿದ್ದೆಗೆಟ್ಟರೆ, ಅತ್ತರೆ ಅದು ಮೆಲ್ಲಗೆ ಹೊರಗಡೆಗೆ ಸರಿದುಬಿಡುತ್ತಿತ್ತು. ಆಗ ಒಂದು ಬಾಗಿಲು ಎರಡಾಗಿ ಕಾಣುತ್ತಿತ್ತು, ಒಬ್ಬ ಮನುಷ್ಯ ಇಬ್ಬರಾಗುತ್ತಿದ್ದ. ಬೇರೆ ಕೆಲಸಕ್ಕಾದರೆ ಇದನ್ನು ಯಾರೂ ಕೇಳುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಸೇನೆಯ ವಿಮಾನದಲ್ಲಿ ಚಾಲಕರ ಸೀಟು. ಮೊದಲ ವೈದ್ಯಕೀಯ ಪರೀಕ್ಷೆಯಲ್ಲಿ ಈ ಕಣ್ಣೇ ಅವಳನ್ನು ಹೊರಗೆ ಹಾಕಿತ್ತು. ಮರುಪರೀಕ್ಷೆಗೆ ಇದ್ದದ್ದು ಒಂದೇ ಅವಕಾಶ, ಅದೂ ಇವತ್ತು ಮಧ್ಯಾಹ್ನ. ಅಮ್ಮ ಸತ್ತದ್ದು ನಿನ್ನೆ, ತನ್ನ ಕ್ಷೌರದಂಗಡಿಯಲ್ಲಿ, ಕತ್ತರಿ ಕೈಯಲ್ಲಿರುವಾಗಲೇ, ಗಿರಾಕಿಯೊಬ್ಬನ ತಲೆ ಅರ್ಧ ಮುಗಿಸಿ.

ಬಾಗಿಲು ಮತ್ತೆ ತೆರೆಯಿತು. ಈ ಸಲ ಬಂದವನು ದೊಡ್ಡಮಾವ, ಅಮ್ಮನ ಅಣ್ಣ. ಯಾರ ಮನೆಯ ಒಳಿತು ಕೆಡುಕಿಗೂ ತಾನೇ ಮುಂದೆ ನಿಲ್ಲಬೇಕು ಅವನಿಗೆ.

"ಫೋನ್ ಮಾಡಿ ಹೇಳು ಪುಟ್ಟಿ. ಅವರೂ ತಾಯಿ ಹೊಟ್ಟೇಲೇ ಹುಟ್ಟಿದವರು. ಇನ್ನೊಂದು ದಿನ ಕೊಡ್ತಾರೆ."

"ಮಾಡಿದೆ ಮಾವ. ಮುಂದಿನ ತಂಡದಲ್ಲಿ ನೋಡೋಣ ಅಂದ್ರು. ಅಷ್ಟೊತ್ತಿಗೆ ನನ್ನ ವಯಸ್ಸು ಮೀರಿರುತ್ತೆ."

"ಮೀರ್ಲಿ. ಲೋಕದಲ್ಲಿ ಬೇರೆ ಕೆಲಸ ಇಲ್ವಾ? ಹೆತ್ತವಳ ಹೆಣ ನಡುಮನೇಲಿಟ್ಟು ಕಣ್ಣು ತೋರ್ಸೋಕೆ ಹೋದ್ಲು ಅಂದ್ರೆ ಜನ ಏನಂತಾರೆ?"

"ಅಮ್ಮನ ಕಣ್ಣು ನೋಡಿ ಜನ ಜೀವನಪೂರ್ತಿ ಏನೇನೋ ಅಂದ್ರು. ಅಮ್ಮ ಅಂಗಡಿ ಮುಚ್ಚಿದ್ಲಾ?"

ಮಾವನ ಮುಖ ಕೆಂಪೇರಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಅಪ್ಪ ನಿಂತಿದ್ದ. ಅಪ್ಪ ಬೆಸುಗೆ ಕೆಲಸದವನು, ಮಾತು ಬಲು ಕಡಿಮೆ. ಬೆಳಗಿನಿಂದ ಬಂದವರಿಗೆಲ್ಲ ಬರೀ ತಲೆಯಾಡಿಸುತ್ತಿದ್ದ.

"ನಾಲ್ಕು ಗಂಟೆಗೆ ಮಣ್ಣು," ಅಂದ ಮಗಳಿಗೆ. "ಹೋಗಿ ಬಾ. ನೀನು ಬರೋ ತನಕ ಯಾರೂ ಗುದ್ದಲಿ ಮುಟ್ಟಲ್ಲ."

"ಭಾವ, ನೀವೂ ಸೇರಿಕೊಂಡು..."

"ನಿಮ್ಮ ತಂಗಿ ಇದ್ದಿದ್ರೆ ಇಷ್ಟೊತ್ತಿಗೆ ಇವಳ ಕತ್ತು ಹಿಡಿದು ಆಚೆ ದಬ್ಬಿರೋಳು," ಎಂದು ಅಪ್ಪ ಗೂಟದಲ್ಲಿದ್ದ ನಿಲುವಂಗಿಯನ್ನು ತೆಗೆದು, ಮಡಚಿ, ಕಂಕುಳಲ್ಲಿಟ್ಟುಕೊಂಡು ಹೋದ.

* * *

ಅಮ್ಮನಿಗೆ ಹುಟ್ಟಿನಿಂದಲೇ ಮೆಳ್ಳೆಗಣ್ಣು. ಶಾಲೆಯಲ್ಲಿ ಅವಳ ಹೆಸರು ಕರೆದವರಿಲ್ಲ, ಎಲ್ಲರಿಗೂ ಮೆಳ್ಳಿಯೇ. ದೊಡ್ಡಮಾವ ತನ್ನ ಮದುವೆಗೆ ತಂಗಿಗೊಂದು ಕಪ್ಪು ಕನ್ನಡಕ ತಂದು ಹಾಕಿಸಿದ್ದ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವ ಆ ಗಳಿಗೆಗೆ ಸರಿಯಾಗಿ ಅವಳು ಕನ್ನಡಕವನ್ನು ತೆಗೆದು ಕ್ಯಾಮೆರಾವನ್ನೇ ದಿಟ್ಟಿಸಿದ್ದಳು. ಆ ಫೋಟೋ ನೋಡಿದವರ ಕಣ್ಣು ಗಂಡು ಹೆಣ್ಣಿಬ್ಬರನ್ನೂ ಬಿಟ್ಟು ಮೊದಲು ಹೋಗುವುದು ಅವಳ ಮೇಲೇ.

ಕೂದಲು ಕತ್ತರಿಸುವುದನ್ನು ಕಲಿತು ಅಂಗಡಿ ತೆರೆದ ಮೇಲೆ ಮೆಳ್ಳಿ ಎಂಬ ಹೆಸರು ಸವೆದು ಕತ್ತರಿಯಕ್ಕ ಉಳಿಯಿತು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದೇ ಕನ್ನಡಿ. "ತಲೆ ಬಗ್ಸಿ" ಅಂದರೆ ಎರಡು ಕುರ್ಚಿಯವರೂ ಬಗ್ಗಿಸುತ್ತಿದ್ದರು. ಹೊಸಬರು ಯಾರಾದರೂ, "ನೀವು ನೋಡ್ತಿರೋದು ನನ್ನ ತಲೇನಾ, ಪಕ್ಕದವರದಾ?" ಎಂದು ಕುಶಾಲು ಮಾಡಿದರೆ, "ಒಂದು ಕಣ್ಣು ನಿಮ್ಮ ತಲೆ ಮೇಲೆ, ಇನ್ನೊಂದು ಬಾಗಿಲ ಮೇಲೆ. ದುಡ್ಡು ಕೊಡದೆ ಓಡಿಹೋದ್ರೆ?" ಅನ್ನುತ್ತಿದ್ದಳು. ಅಲ್ಲಿಗೆ ಮುಗಿಯಿತು, ಆ ಗಿರಾಕಿ ಸಾಯುವತನಕ ಅವಳವನೇ.

ಸೇನೆಯ ವಿಮಾನಗಳು ಇಳಿಯುವ ದಾರಿ ಆ ಬೀದಿಯ ನೆತ್ತಿಯ ಮೇಲೆಯೇ ಹಾದುಹೋಗುತ್ತಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಕೂತು ಕತ್ತು ನೋಯುವಷ್ಟು ಮೇಲೆ ನೋಡುತ್ತಿದ್ದ ಮಗಳಿಗೆ ಒಂದು ದಿನ, "ಬರೀ ನೋಡ್ತಾ ಕೂತ್ರೆ ಏನು ಬಂತು? ಅಲ್ಲಿಗೆ ಹೋಗೋದು ಹೇಗೆ ಅಂತ ಕೇಳ್ಕೊಂಡು ಬಾ," ಅಂದಿದ್ದಳು.

ಮೊದಲ ಪರೀಕ್ಷೆಗೆ ಅಮ್ಮನೂ ಜೊತೆಗೆ ಬಂದಿದ್ದಳು. ಸೇನೆಯ ವೈದ್ಯರು ಒಂದು ಕಪ್ಪು ರಟ್ಟಿನಿಂದ ಮಗಳ ಕಣ್ಣುಗಳನ್ನು ಒಂದಾದ ಮೇಲೊಂದರಂತೆ ಮುಚ್ಚಿದರು, ತೆರೆದರು. ಮುಚ್ಚಿದ ಕಣ್ಣು ಮರೆಯಲ್ಲಿ ಎಲ್ಲಿಗೆ ಹೋಗಿತ್ತು ಎಂಬುದು ತೆರೆದ ಕೂಡಲೇ ಗೊತ್ತಾಗುತ್ತದೆ. ಎಡಗಣ್ಣು ಪ್ರತಿ ಸಲವೂ ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ಹೊರಗಿನಿಂದ ಒಳಕ್ಕೆ ಓಡಿಬರುತ್ತಿತ್ತು.

"ನಿಮ್ಮ ಮನೆಯಲ್ಲಿ ಯಾರಿಗಾದರೂ ಮೆಳ್ಳೆಗಣ್ಣು ಇದೆಯಾ?" ವೈದ್ಯರು ಕೇಳಿದರು.

ಮಗಳು ಉತ್ತರ ಹುಡುಕುತ್ತಿರುವಾಗಲೇ ಅರೆತೆರೆದ ಬಾಗಿಲಿನಿಂದ ಅಮ್ಮ ತಲೆ ಹಾಕಿದಳು. "ನನಗಿದೆ ಡಾಕ್ಟ್ರೇ. ಚೆನ್ನಾಗಿ ನೋಡ್ಕೊಳ್ಳಿ, ಮುಚ್ಚಿಡೋದೇನಿಲ್ಲ."

ಹಿಂದಿರುಗುವಾಗ ಬಸ್ಸಿನಲ್ಲಿ ಅಮ್ಮ ಕೇಳಿದಳು, "ಆಗಲ್ಲ ಅಂದ್ರಾ, ಈಗ ಆಗಲ್ಲ ಅಂದ್ರಾ?"

"ಈಗ ಆಗಲ್ಲ ಅಂದ್ರು."

"ಹಂಗಾದ್ರೆ ಇನ್ನೂ ಮಾತು ಮುಗಿದಿಲ್ಲ," ಎಂದು ಅಮ್ಮ ಕಿಟಕಿಯ ಕಡೆ ತಿರುಗಿದಳು.

* * *

ಮಗಳು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಗೆ ಬಂದಾಗ ನಡುಮನೆಯ ಅಳು ಒಮ್ಮೆಲೇ ನಿಂತು, ಪಿಸುಮಾತಾಯಿತು. ಅವಳು ಅಮ್ಮನ ಕಡೆ ನೋಡಲಿಲ್ಲ. ನೋಡಿದರೆ ಅಲ್ಲಿಗೇ ಮುಗಿಯುತ್ತಿತ್ತು. ಎದುರು ಗೋಡೆಯ ಗಡಿಯಾರದ ಮೇಲೆ ದೃಷ್ಟಿ ನೆಟ್ಟು, ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಡುವವಳ ಹಾಗೆ ಜನರ ನಡುವೆ ಹೆಜ್ಜೆ ಇಟ್ಟಳು.

"ಕಲ್ಲು ಕಣ್ರೀ ಇವಳ ಎದೆ," ಯಾರೋ ಅಂದರು.

"ಅಷ್ಟೆಲ್ಲ ಮಾಡಿದ್ಲು ಪಾಪ, ಒಂದು ಹನಿ ಕಣ್ಣೀರಾದ್ರೂ ಬೇಡ್ವಾ?"

ಮಗಳು ನಿಂತಳು. ತಿರುಗಲಿಲ್ಲ. "ಬಾಕಿ ಇದೆ. ಸಾಯಂಕಾಲ ಎಲ್ಲಾ ಸೇರಿಸಿ ಅಳ್ತೀನಿ," ಅಂದು ಚಪ್ಪಲಿ ಮೆಟ್ಟಿಕೊಂಡಳು.

ಮಾವನ ಕಾರು ಬಾಗಿಲಲ್ಲೇ ಇತ್ತು. ಕೀಲಿಕೈ ಮಾವನ ಮುಷ್ಟಿಯಲ್ಲಿತ್ತು, ಮುಷ್ಟಿ ಬಿಚ್ಚಲಿಲ್ಲ. ಬಸ್ ನಿಲ್ದಾಣದ ಕಡೆ ತಿರುಗುವಷ್ಟರಲ್ಲಿ ಬೀದಿಯ ತುದಿಯಲ್ಲಿ ನಿಂತಿದ್ದ ಟ್ಯಾಕ್ಸಿಯವನು ಹಾರ್ನ್ ಹೊಡೆದ. ತಲೆಗೆ ಟೋಪಿ ಇಟ್ಟುಕೊಂಡಿದ್ದ. ಅವಳು ಹತ್ತಿರ ಬಂದಾಗ ಟೋಪಿ ತೆಗೆದ. ಎಡಗಡೆ ಕಿವಿಯ ಸುತ್ತ ಓರಣವಾಗಿ ಕತ್ತರಿಸಿದ ಕೂದಲು, ಬಲಗಡೆ ಕಾಡು.

ನಿನ್ನೆ ಕುರ್ಚಿಯಲ್ಲಿ ಕೂತಿದ್ದವನು ಅವನೇ.

"ಹತ್ತಮ್ಮ," ಅಂದ. "ಬೆಳಿಗ್ಗೆ ಬಂದಾಗ ನಿಮ್ಮ ಮಾವ ಕೂಗಾಡ್ತಿದ್ದದ್ದು ಕೇಳಿಸ್ತು. ಎಲ್ಲಿಗೆ ಅಂತ ಗೊತ್ತು."

"ಬಾಕಿ ಅರ್ಧ ಬೇರೆ ಎಲ್ಲಾದ್ರೂ ಮಾಡಿಸ್ಕೋಬಾರದಿತ್ತಾ?"

"ಮಾಡಿಸಲ್ಲ. ಜನ ನಗೋದಾದ್ರೆ ನಗ್ಲಿ." ಗೇರು ಹಾಕುತ್ತ ಅವನು ಮೂಗು ಏರಿಸಿದ. "ನಿಮ್ಮಮ್ಮ ಕೊನೇ ಗಳಿಗೇಲಿ..."

"ಬೇಡ! ಅಮ್ಮನ ಸುದ್ದಿ ಒಂದು ಬಿಟ್ಟು ಬೇರೆ ಏನಾದ್ರೂ ಮಾತಾಡಿ. ನನ್ನ ಅಳಿಸಿದ್ರೆ ನಾನು ಹೋಗಿಯೂ ದಂಡ."

ಟ್ಯಾಕ್ಸಿಯವನು ಗಾಬರಿಯಿಂದ ತಡಬಡಾಯಿಸಿದ. ಆಮೇಲೆ ಹೊಸ ಟೈರುಗಳ ಕಳಪೆತನದ ಬಗ್ಗೆ ಶುರು ಮಾಡಿದ. ಟೈರು ಮುಗಿದು ಬ್ರೇಕು, ಬ್ರೇಕು ಮುಗಿದು ಹೆಂಡತಿಯ ತಮ್ಮ. ಮಧ್ಯೆ ಮಧ್ಯೆ ತೋಳಿನಿಂದ ತನ್ನ ಕಣ್ಣೊರೆಸಿಕೊಳ್ಳುತ್ತ, ಒಂದು ಕ್ಷಣವೂ ಬಾಯಿ ಮುಚ್ಚದೆ ಸೇನಾ ಆಸ್ಪತ್ರೆಯ ಗೇಟಿನವರೆಗೂ ಹರಟಿದ.

* * *

ಕಣ್ಣಿನ ವ್ಯಾಯಾಮ ಕಲಿಸಿಕೊಟ್ಟವಳು ಆಸ್ಪತ್ರೆಯ ಒಬ್ಬ ತರಬೇತಿಗಾರ್ತಿ. ಅದನ್ನು ಬಿಡದೆ ಮಾಡಿಸಿದವಳು ಅಮ್ಮ. ಅಂಗಡಿಯ ಬಾಗಿಲು ಎಳೆದ ಮೇಲೆ ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಬಾಚಣಿಗೆಯ ತುದಿಯನ್ನು ದೂರದಿಂದ ಅವಳ ಮೂಗಿನ ಕಡೆಗೆ ತರುತ್ತಿದ್ದಳು. "ಒಂದಾ, ಎರಡಾ?" "ಒಂದು." "ಈಗ?" "ಒಂದೇ." "ಸುಳ್ಳು ಹೇಳ್ಬೇಡ, ಕಣ್ಣು ಓಡಿಹೋಯ್ತು. ಮತ್ತೆ ಮೊದಲಿಂದ." ಮಗಳಿಗೆ ತಲೆನೋವು ಬಂದು ಸಿಡುಕಿದರೆ ಅಮ್ಮನೂ ಸಿಡುಕುತ್ತಿದ್ದಳು. ಒಂದೆರಡು ಸಲ ಬಾಚಣಿಗೆ ಗೋಡೆಗೆ ಹಾರಿದ್ದೂ ಉಂಟು.

ಒಂದು ದಿನ ತರಬೇತಿಗಾರ್ತಿ ಒಂದು ಚಿತ್ರದ ಹಾಳೆಯನ್ನೂ ಬಣ್ಣದ ಕನ್ನಡಕವನ್ನೂ ಮನೆಗೆ ಕಳಿಸಿಕೊಟ್ಟಳು. ಎರಡೂ ಕಣ್ಣು ಒಟ್ಟಾಗಿ ಕೆಲಸ ಮಾಡಿದರೆ ಆ ಹಾಳೆಯ ಮೇಲಿನ ಬಳೆಗಳಲ್ಲಿ ಒಂದು ಮೇಲಕ್ಕೆದ್ದು ಗಾಳಿಯಲ್ಲಿ ತೇಲಿದ ಹಾಗೆ ಕಾಣಬೇಕು. ಮಗಳಿಗೆ ಕಂಡಿತು. ಅವಳು ಕಿರುಚಿದಳು. ಅಮ್ಮ ಕನ್ನಡಕವನ್ನು ಕಸಿದುಕೊಂಡು ತಾನೂ ನೋಡಿದಳು, ಹಾಳೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

"ನಂಗೆ ಏನೂ ಏಳ್ತಿಲ್ಲ. ಎಲ್ಲಾ ಚಪ್ಪಟೆ." ಕನ್ನಡಕ ತೆಗೆದು ಕೇಳಿದಳು, "ಹೇಗಿರುತ್ತೆ ಅದು? ಹೇಳು."

"ಹಾಳೆಯಿಂದ ಬಿಟ್ಟುಕೊಂಡು ಮೇಲೆ ಬಂದಿದೆ ಅಮ್ಮ. ಕೆಳಗಡೆ ಬೆರಳು ತೂರಿಸಬಹುದು ಅನ್ನೋ ಹಾಗೆ."

ಅಮ್ಮ ತೋರುಬೆರಳನ್ನು ಹಾಳೆಯ ಮೇಲೆ ಗಾಳಿಯಲ್ಲಿ ಹಿಡಿದಳು. "ಇಷ್ಟು ಎತ್ತರಾನಾ?"

"ಇನ್ನೂ ಸ್ವಲ್ಪ ಮೇಲೆ."

"ಇಷ್ಟು?"

"ಹ್ಞೂಂ. ಅಲ್ಲೇ."

ತನಗೆ ಕಾಣದ ಬಳೆಯ ಅಂಚಿನ ಗುಂಟ ಅಮ್ಮ ಬೆರಳನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದಳು. "ಚೆನ್ನಾಗಿದೆ," ಅಂದಳು. "ಇನ್ನು ಇದನ್ನ ಬಿಟ್ಟುಕೊಡ್ಬೇಡ."

* * *

ವೈದ್ಯರು ಅವರೇ. ಕಪ್ಪು ರಟ್ಟೂ ಅದೇ. ಕತ್ತಲೆ ಕೋಣೆಯಲ್ಲಿ ಒಂದು ಸಣ್ಣ ದೀಪ, ಒಂದು ಕೆಂಪು ಗೆರೆ. ಒಂದು ಕಣ್ಣಿಗೆ ಕಾಣುವುದು ದೀಪ, ಇನ್ನೊಂದಕ್ಕೆ ಗೆರೆ; ಕಣ್ಣು ಜಾರಿದರೆ ಗೆರೆ ದೀಪವನ್ನು ಬಿಟ್ಟು ಸರಿಯುತ್ತದೆ.

"ಗೆರೆ ದೀಪದ ಯಾವ ಕಡೆಗಿದೆ?"

"ದೀಪದ ಮೇಲೇ ಹಾದುಹೋಗ್ತಿದೆ ಸರ್."

"ಈಗ?"

ಗೆರೆ ಸ್ವಲ್ಪ ಅಲುಗಿತು. ಮನೆಯಲ್ಲಿ ಈಗ ಅಮ್ಮನನ್ನು ಎತ್ತುತ್ತಿರಬಹುದು ಎಂಬ ಯೋಚನೆ ಎಲ್ಲಿಂದಲೋ ನುಗ್ಗಿತ್ತು. ಅವಳು ಹಲ್ಲು ಕಚ್ಚಿ, ಹೆಂಡತಿಯ ತಮ್ಮನಿಗೆ ಟ್ಯಾಕ್ಸಿಯವನು ಹಾಕುತ್ತಿದ್ದ ಶಾಪಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡಳು. "ಸ್ವಲ್ಪ ಪಕ್ಕಕ್ಕೆ ಹೋಗಿತ್ತು. ಈಗ ವಾಪಸ್ ಬಂತು," ಅಂದಳು. ಇದ್ದದ್ದನ್ನು ಇದ್ದ ಹಾಗೆ.

ವೈದ್ಯರು ಬರೆದುಕೊಂಡರು. ದೀಪ ಹಾಕಿದರು. ರಟ್ಟು ಹಿಡಿದು ಮುಚ್ಚಿದರು, ತೆರೆದರು. ಇನ್ನೊಮ್ಮೆ. ಬೇಕೆಂದೇ ಬಹಳ ಹೊತ್ತು ಮುಚ್ಚಿಟ್ಟು, ಫಕ್ಕನೆ ತೆರೆದರು. ಕಣ್ಣು ಮರೆಯಲ್ಲಿ ಕದಲಿತ್ತು. ಆದರೆ ಹೆಚ್ಚು ದೂರ ಹೋಗಿರಲಿಲ್ಲ, ಬೆಳಕು ಬಿದ್ದ ಕೂಡಲೇ ಬಂದು ಸೇರಿಕೊಂಡಿತು.

"ನಿನ್ನೆ ನಿದ್ದೆ ಆಯಿತಾ?"

"ಆಯಿತು ಸರ್." ಅದು ನಿಜ. ಚಿಕ್ಕಮ್ಮ ಅದನ್ನು ಎಂದಿಗೂ ಕ್ಷಮಿಸಲಾರಳು.

"ಕಣ್ಣು ಅಲೆಯೋದು ಪೂರ್ತಿ ನಿಂತಿಲ್ಲ," ವೈದ್ಯರು ಪೆನ್ನಿನ ಮುಚ್ಚಳ ಹಾಕಿದರು. "ಆದರೆ ಮಿತಿಯೊಳಗಿದೆ. ನಾನು ತಡೆಯೋದಕ್ಕೆ ಕಾರಣವಿಲ್ಲ. ತೇರ್ಗಡೆ." ಆಮೇಲೆ ಬಾಗಿಲ ಕಡೆ ನೋಡಿ ನಕ್ಕರು. "ಎಲ್ಲಿ ನಿಮ್ಮ ತಾಯಿ? ಇಷ್ಟೊತ್ತಿಗೆ ತಲೆ ಹಾಕಬೇಕಿತ್ತಲ್ಲ, ಈ ಸಲ ಬಂದಿಲ್ಲವಾ?"

ಅವಳು ಎದ್ದು ನಿಂತು ಅಂಗಿಯ ತೋಳನ್ನು ಸರಿಮಾಡಿಕೊಂಡಳು.

"ಇಲ್ಲ ಸರ್. ಅವರಿಗೆ ಇವತ್ತು ಬಿಡುವಿಲ್ಲ."

* * *

ದಾರಿಯಲ್ಲಿ ರಸ್ತೆ ಅಗೆದುಹಾಕಿದ್ದರು. ಸ್ಮಶಾನದ ಗೇಟಿನ ಮುಂದೆ ಟ್ಯಾಕ್ಸಿ ನಿಂತಾಗ ನಾಲ್ಕು ಗಂಟೆ ಯಾವಾಗಲೋ ದಾಟಿತ್ತು. ಚಿಕ್ಕಮ್ಮ ಗೇಟಿನ ಕಂಬಕ್ಕೆ ಒರಗಿ ಕಾಯುತ್ತಿದ್ದಳು. ಅತ್ತತ್ತು ಅವಳ ದನಿ ಬಿದ್ದುಹೋಗಿತ್ತು.

"ಬಂದ್ಯಾ? ಹೊತ್ತಾಯ್ತು ಅಂತ ಗುಂಡಿ ತೋಡೋರು ಗಲಾಟೆ ಎಬ್ಬಿಸಿಬಿಟ್ರು. ನಿಮ್ಮಪ್ಪನ ಮಾತನ್ನ ಯಾರೂ ಕೇಳ್ತಿರಲಿಲ್ಲ. ಕೊನೆಗೆ ನಿಮ್ಮ ದೊಡ್ಡಮಾವನೇ ಹೋಗಿ ಮಣ್ಣಿನ ಗುಡ್ಡೆ ಹತ್ತಿ ನಿಂತ. ನನ್ನ ಸೊಸೆ ಬರೋ ತನಕ ಒಂದು ಹಿಡಿ ಬಿದ್ರೂ ನೋಡ್ಕೊಳ್ಳಿ ಅಂತ ಕೂಗಾಡಿದ." ಅವಳು ಮಗಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಏನಂದ್ರು?"

"ಆಯ್ತು ಚಿಕ್ಕಮ್ಮ."

ಚಿಕ್ಕಮ್ಮ ಗದ್ದ ಬಿಟ್ಟಳು. ಏನೋ ಬೈಯಲು ಹೊರಟವಳು ಅವಳ ತಲೆಯನ್ನು ಒಮ್ಮೆ ಎದೆಗೊತ್ತಿಕೊಂಡು, "ಹೋಗು, ಹೋಗು," ಎಂದು ಮುಂದಕ್ಕೆ ನೂಕಿದಳು.

ಮಗಳು ಒಳಗೆ ಹೋದಳು. ಜನವೆಲ್ಲ ಅವಳಿಗೆ ಬೆನ್ನು ಮಾಡಿ, ಗುಂಡಿಯ ಕಡೆ ತಲೆ ಬಗ್ಗಿಸಿ ನಿಂತಿದ್ದರು. ಗಂಡಸರು, ಹೆಂಗಸರು, ಅಪ್ಪಂದಿರ ಹೆಗಲು ಹತ್ತಿದ ಮಕ್ಕಳು, ಮಣ್ಣಿನ ಗುಡ್ಡೆಯಿಂದ ಇನ್ನೂ ಇಳಿಯದ ದೊಡ್ಡಮಾವ. ಒಂದೊಂದು ಕುತ್ತಿಗೆಯ ಮೇಲೂ ಕೂದಲು ಮುಗಿಯುವಲ್ಲಿ ಒಂದು ಗೆರೆ, ದಾರ ಹಿಡಿದು ಎಳೆದಷ್ಟು ನೆಟ್ಟಗೆ. ಓರೆಯೆಂಬುದು ಒಂದರಲ್ಲೂ ಇರಲಿಲ್ಲ.

ಅವಳ ಗಂಟಲಿನಿಂದ ಹೊರಟ ಸದ್ದಿಗೆ ಹಿಂದಿನ ಸಾಲಿನವರು ಬೆಚ್ಚಿದರು. ಕಣ್ಣು ತುಂಬಿತು, ಹರಿಯಿತು. ಎಡಗಣ್ಣು ಹೊರಗೆ ಜಾರತೊಡಗಿತು. ಅವಳು ಅದನ್ನು ತಡೆಯಲಿಲ್ಲ. ಗೆರೆಗಳು ಎರಡೆರಡಾದವು, ಕುತ್ತಿಗೆಗಳು ಎರಡೆರಡಾದವು, ಅಮ್ಮ ಕೂದಲು ಕತ್ತರಿಸಿದ ತಲೆಗಳು ಈ ಬೇಲಿಯಿಂದ ಆ ಬೇಲಿಯವರೆಗೂ ತುಂಬಿಹೋದವು.