ಗುಲಗಂಜಿ ಪೆಟ್ಟಿಗ್ಯಾಗಿನ ಖಾಲಿ ಕುಣಿ

ನಾನು ಬಾಳೇಶ, ನೇಸರಗ್ಯಾಗ ಬಡಿಗತನ ಮಾಡಾಂವ. ನನಗ ಸಿಟ್ಟು ಜಾಸ್ತಿ, ಊರಿಗೇ ಗೊತ್ತು. ಮನ್ಯಾಗ ಎಲ್ಲಿ ಕಾಲಿಟ್ಟರೂ ಲುಡೋ ದಾಳ, ಚೌಕಾಬಾರದ ಕವಡಿ, ಇಸ್ಪೀಟ ಎಲಿ. ಒಂದಿನ ಅಂಗಾಲಿಗೆ ಕವಡಿ ಚುಚ್ಚಿತು ನೋಡ್ರಿ, "ಸಾಕಾತು ನಿಮ್ಮ ಆಟ!" ಅಂತ ಒದರಿ, ಸಾಗವಾನಿ ಹಲಗಿ ತಂದು ಪೆಟ್ಟಿಗಿ ಮಾಡಾಕ ಕುಂತೆ.

ಒಂದೊಂದು ಆಟಕ್ಕ ಒಂದೊಂದು ಖಾನೆ. ಅಳಗುಳಿಮಣಿ ಆಡೂ ಗುಲಗಂಜಿಗೆ ಮಾತ್ರ ಬ್ಯಾರೆ ವ್ಯವಸ್ಥಾ. ಗುಲಗಂಜಿ ವಿಷ, ಅಗದ ನುಂಗಿದರ ಜೀವಕ್ಕ ಕುತ್ತು. ನನ್ನ ಮಗಳು ದುರ್ಗಾಗ ಮೂರು ವರ್ಷ, ಕೈಗೆ ಸಿಕ್ಕಿದ್ದೆಲ್ಲಾ ಬಾಯಿಗೆ. ಅದಕ್ಕ ಎಪ್ಪತ್ತು ಕಾಳಿಗೆ ಎಪ್ಪತ್ತು ಸಣ್ಣ ಕುಣಿ, ಒಂದೊಂದ ಕಾಳು ಕೂಡ್ರೂವಷ್ಟ ತಗ್ಗು, ಜಿಲೇಬಿ ಸುತ್ತಿನಂಗ. "ಒಂದ ಕಾಳು ಕಳದರೂ ಪೆಟ್ಟಿಗಿನ ಹೇಳತೈತಿ," ಅಂತ ಹೆಂಡತಿ ಮಂಜುಳಾನ ಮುಂದ ಜಂಬ ಕೊಚ್ಚಿದ್ದೆ.

"ವಿಷಾ ಮನ್ಯಾಗ ಯಾಕ ಇಟ್ಕೋಬೇಕ್ರಿ? ಹುಣಸಿ ಬೀಜ ಸಾಲದೇನು?" ಅಂದಳು ಆಕಿ. ನಮ್ಮವ್ವ ಬೀರವ್ವ ತವರಿನಿಂದ ತಂದ ಕಾಳು ಅವು. ನಾ ಕೇಳಲಿಲ್ಲ.

ಕುಣಿಗೆ ಗುರ್ತು ಹಾಕುವಾಗ ಅವ್ವ ಮಗ್ಗಲಕ್ಕ ಕುಂತು ಎಣಸಾಕ ಹತ್ತಿದಳು. ಮೊದಲನೇ ಗುರ್ತಿಗೆ "ಲಾಭ" ಅಂದಳು. ಯರಗಟ್ಟಿ ಪ್ಯಾಟ್ಯಾಗ ಜೋಳ ಅಳದ ಕೈ ಆಕೀದು. ಅಳಿಯೂ ಮಂದಿ ಮೊದಲನೇ ಅಳತಿಗೆ ಒಂದು ಅನ್ನೂದಿಲ್ಲ, ಲಾಭ ಅಂತಾರ, ಆಮ್ಯಾಲ ಎರಡು. ಅಷ್ಟರಾಗ ಹಾಲು ಉಕ್ಕಿತಂತ ಎದ್ದು ಓಡಿದಳು. ಮುಂದ ನಾನ ಎಣಿಸಿದೆ.

ಪೆಟ್ಟಿಗಿ ಮಂಜುಳಾನ ಕೈಗೆ ಕೊಟ್ಟ ಮರುದಿನ ಮಧ್ಯಾಹ್ನ ಊಟಕ್ಕ ಬಂದೆ. ಪಡಸಾಲ್ಯಾಗ ಪೆಟ್ಟಿಗಿ ತೆರದ ಬಿದ್ದಿತ್ತು. ಕೊಂಡಿ ನಾ ಇನ್ನೂ ಹಚ್ಚಿದ್ದಿಲ್ಲ. ಅದರ ಮುಂದ ದುರ್ಗಾ ಕುಂತು ಏನೋ ಅಗಿಯಾಕ ಹತ್ತಿದ್ದಳು. ನಡುವಿನ ಒಂದ ಕುಣಿ ಖಾಲಿ.

"ಉಗುಳ!" ಅಂತ ಚೀರಿದೆ. ಚೀರಿದ ಹೊಡತಕ್ಕ ಕೂಸು ಗಟಕ್ಕನ ನುಂಗಿಬಿಟ್ಟಿತು.

ಏನ ತಿಂದಿ ಅಂತ ಕೇಳಿದರ ಬರೇ ಅಳೂದು. ಮಂಜುಳಾ ಓಡಿ ಬಂದು, "ಮುಂಜಾನೆ ನಾನ ತುಂಬೀನ್ರಿ! ಕಾಳು ಸುರುವಿ ಕುಣಿ ಮ್ಯಾಲ ಕೈಯಾಡಿಸಿದೆ, ಒಂದೊಂದ ನೋಡಲಿಲ್ಲ," ಅಂತ ಬಾಯಿ ಬಾಯಿ ಬಡಕೊಂಡಳು. ಅವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು.

ಬೈಲಹೊಂಗಲಕ್ಕ ಗಾಡಿ ಹೊಡದೆ. ನಡುವ ಕೂಸು, ಹಿಂದ ಮಂಜುಳಾ. "ಕಣ್ಣ ತೆರದಾಳೇನ?" ಅಂತ ಹತ್ತ ಸಲ ಕೇಳಿದೆ. ಅಂಜಿಕಿ ಅಂದರ ಏನಂತ ಅವತ್ತ ಗೊತ್ತಾತು ನನಗ.

ದವಾಖಾನ್ಯಾಗ ಡಾಕ್ಟರ್ ಮೇಡಂ, "ಕಾಳು ಅಗದು ನುಂಗಿದ್ದರ ಕಷ್ಟ ಐತಿ. ಈಗ ಚಲೋ ಕಾಣತಾಳ, ನಾಳೆ ಕೆಡಬಹುದು. ನುಂಗಿದ್ದು ಖರೇನೇನ್ರಿ?" ಅಂದರು. ಹೊಟ್ಟಿ ತೊಳ್ಯಾಕ ನಳಿ ತಯಾರಾತು. ದುರ್ಗಾ ನನ್ನ ಅಂಗಿ ಹಿಡದು, "ಅಪ್ಪಾ, ಬ್ಯಾಡ," ಅಂತ ಒಂದೇ ಸಮ ಅಳಾಕ ಹತ್ತಿದಳು.

ಅವ್ವಗ ಫೋನ್ ಹಚ್ಚಿದೆ. ಮನಿ ಮುಟ್ಟಿದ್ದಳು. "ಪೆಟ್ಟಿಗ್ಯಾಗಿನ ಗುಲಗಂಜಿ ಎಣಸವಾ, ಲಗೂನ!"

"ಲಾಭ," ಅಂದಳು ಅವ್ವ. "ಎರಡು. ಮೂರು..."

ಉಸಿರ ಹಿಡದು ಕೇಳಿದೆ. "ಎಪ್ಪತ್ತು. ಮುಗದುವಪ್ಪಾ. ಆದರ ಒಂದ ಕುಣಿ ಖಾಲಿ ಯಾಕೈತೋ?"

ಆಗ ಹೊಳೀತು. ಅವ್ವನ ಲಾಭಕ್ಕ ಒಂದ ಗುರ್ತು ಬಿದ್ದಿತ್ತು. ಆಕಿ ಎದ್ದ ಮ್ಯಾಲ ನಾ ಎರಡರಿಂದ ಹಿಡೀಬೇಕಿತ್ತು, ಮತ್ತ ಒಂದು ಅಂತ ಸುರು ಮಾಡಿದ್ದೆ. ಎಪ್ಪತ್ತೊಂದು ಕುಣಿ! "ಮೇಡಂ, ತಡೀರಿ!" ಅಂತ ಒದರಿದೆ.

ನಳಿ ಹಾಕೂದು ತಪ್ಪಿತು. ಆದರ ಮರುದಿನದ ತನಕ ಮನಿಗೆ ಬಿಡಲಿಲ್ಲ. ಅವ್ವ ಮೂರು ಸಲ ಎಣಿಸಿ ಹೇಳಿದಳು. ಆದರೂ ಮುದುಕಿ ತಪ್ಪಿದ್ದರ? ಕೂಸಿನ ಎದಿ ಮ್ಯಾಲಿಂದ ನಾ ಕೈ ತಗೀಲಿಲ್ಲ. ಮುಂಜಾನೆ ದುರ್ಗಾ ಎದ್ದು, "ಪುಟಾಣಿ ಬೇಕು. ನಿನ್ನಿ ಅಜ್ಜಿ ಕೊಟ್ಟಿದ್ದು," ಅಂದಳು. ಹಂಗಾರ ನಿನ್ನಿ ಆಕಿ ಅಗದದ್ದು ಹುರಗಡಲಿ! ಮಂಜುಳಾ ಅಲ್ಲೇ ನೆಲಕ್ಕ ಕುಂತು ಅತ್ತಳು.

ಮನಿಗೆ ಬಂದಾಂವ ಗುಲಗಂಜಿ ಎಲ್ಲಾ ಒಲಿಗೆ ಸುರುವಿದೆ. ಅವ್ವ ತಾನ ಹುಣಸಿ ಬೀಜ ತಂದು ಎಣಸಾಕ ಕುಂತಳು. ಮೊದಲನೇ ಬೀಜ ಕೈಯಾಗ ಹಿಡದು ಹೊಳ್ಳಿ ಹೊಳ್ಳಿ ನೋಡಿದಳು.

"ಲಾಭ ಅನ್ನವಾ. ತಪ್ಪು ನಂದು," ಅಂದೆ.

ಆಕಿ ತಲಿ ಅಲ್ಲಾಡಿಸಿದಳು. "ಒಂದು," ಅಂದಳು.

ಅವ್ವ ಜಲ್ಮದಾಗ ಮೊದಲ ಸಲ ಒಂದರಿಂದ ಎಣಿಸಿದ್ದು. ಆಕೀ ಮುಖಾ ನೋಡಾಕ ನನಗ ಆಗಲಿಲ್ಲ.