ಪುಸ್ತಕದ ಉತ್ತರ

ಬೆಟಗೇರಿಯಿಂದ ಬರುವ ಬಸ್ಸಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ ನೇತ್ರಾ ಮೂರು ಸಲ ಚೀಲ ತೆಗೆದು ನೋಡಿಕೊಂಡಳು. ಎಲೆಕ್ಟ್ರಾನಿಕ್ ಬೋರ್ಡು ಇತ್ತು, ಕಾವು ಅಳೆಯುವ ಸೆನ್ಸರ್ ಇತ್ತು, ಹೆಚ್ಚಿಗೆ ತಂತಿಯೂ ಇತ್ತು. ಇಲ್ಲದಿದ್ದದ್ದು ಧೈರ್ಯವೊಂದೇ. ಹನ್ನೊಂದಕ್ಕೆ ಲ್ಯಾಬ್ ತಪಾಸಣೆಯ ಸಮಿತಿ ಬರುವುದಿತ್ತು. ಸಮಿತಿ ಒಪ್ಪಿದರೆ ಮುಳಗುಂದದಾಚೆಯ ಆ ಸಣ್ಣ ಕಾಲೇಜಿನಲ್ಲಿ ಭೌತಶಾಸ್ತ್ರ ಉಳಿಯುತ್ತದೆ. ಇಲ್ಲವಾದರೆ ವಿಭಾಗಕ್ಕೆ ಬೀಗ, ಮಕ್ಕಳೆಲ್ಲ ಗದಗಿಗೆ. ಹುಡುಗರೇನೋ ಹೋದಾರು. ಹುಡುಗಿಯರು? ಅಂತೂರ ಬೆಂತೂರ ಹಳ್ಳಿಯ ದ್ಯಾಮಪ್ಪ ಮಗಳು ಶಾಂಭವಿಯನ್ನು ಸೇರಿಸಿದ ದಿನವೇ ಅಂದಿದ್ದ: "ಇಲ್ಲಿ ಆದ್ರ ಕಲೀಲಿ ಮೇಡಂ. ಗದಗಂದ್ರ ನಾ ಒಲ್ಲೆ. ಅದರ ಮ್ಯಾಲ ಮಾತಿಲ್ಲ."

ಆ ಲ್ಯಾಬಿನ ಹಳೆಯ ಸಂಪ್ರದಾಯ ಹೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಕಪಾಟಿನ ತುಂಬ ಒಡೆದ ಥರ್ಮಾಮೀಟರು. ಪ್ರಯೋಗ ನಡೆಯುತ್ತಿದ್ದದ್ದು ಹಿಂದಿನ ವರ್ಷದವರ ಜರ್ನಲಿನಲ್ಲಿ. ಮೊದಲು ಪುಸ್ತಕದ ಉತ್ತರ ಬರೆಯುವುದು, ಆಮೇಲೆ ಅದಕ್ಕೆ ತಕ್ಕ ಅಳತೆಗಳನ್ನು ಪೆನ್ಸಿಲ್‌ನಲ್ಲಿ ಹೊಂದಿಸುವುದು. ಅಂಗಿ ಹೊಲಿದು ಮೈ ಹುಡುಕಿದ ಹಾಗೆ.

ನೇತ್ರಾ ಕೆಲಸಕ್ಕೆ ಸೇರಿದವಳೇ ಸ್ಟೀಲ್ ಡಬ್ಬಿಯೊಳಗೆ ಡಬ್ಬಿ ಇಟ್ಟು ನಡುವೆ ಹತ್ತಿ ತುರುಕಿದಳು. ಅಗ್ಗದ ಬೋರ್ಡಿಗೆ ಸೆನ್ಸರ್ ಕಟ್ಟಿ ನೀರಿಗಿಳಿಸಿದಳು. ನೀರಿನ ಕಾವು ಲ್ಯಾಪ್‌ಟಾಪಿನ ಮೇಲೆ ಗೆರೆಯಾಗಿ ಏರಿತು. ಪ್ರೋಗ್ರಾಂ ಎಲ್ಲರಿಗೂ ತೆರೆದದ್ದು. "ಇದರಾಗ ಗುಟ್ಟಿಲ್ಲ. ಓದ್ರಿ, ತಿದ್ರಿ, ಕೆಡಸ್ರಿ, ಮತ್ತ ಮಾಡ್ರಿ" ಅಂದಿದ್ದಳು.

ಕುದಿನೀರಿನಲ್ಲಿ ಕಾಯಿಸಿದ ತಾಮ್ರದ ತುಂಡನ್ನು ತಣ್ಣೀರಿನ ಡಬ್ಬಿಗೆ ಬಿಟ್ಟು, ನೀರು ಎಷ್ಟು ಬಿಸಿಯಾಯಿತೆಂದು ನೋಡಿ ತಾಮ್ರದ ವಿಶಿಷ್ಟೋಷ್ಣ ಕಂಡುಹಿಡಿಯುವ ಪ್ರಯೋಗ. ಪುಸ್ತಕದಲ್ಲಿ 0.385. ಇವರಿಗೆ ಬಂದದ್ದು 0.34. ಮಕ್ಕಳ ಮೋರೆ ಇಳಿಯಿತು. ನೇತ್ರಾ ಮಾತ್ರ ಹಿಗ್ಗಿದಳು. "ಉಳಿದ ಕಾವು ಎಲ್ಲಿ ಹೋತು? ಹಿಡೀರಿ ಕಳ್ಳನ್ನ." ಎರಡು ವಾರ ಮಕ್ಕಳು ಜಗಳಾಡಿದರು: ಎತ್ತಿ ಹಾಕುವಾಗ ಗಾಳಿಗೆ ಎಷ್ಟು, ಡಬ್ಬಿಗೆ ಎಷ್ಟು. ಆ ಜಗಳದಲ್ಲಿ ಅವರು ಕಲಿತದ್ದು ಯಾವ ಜರ್ನಲಿನಲ್ಲೂ ಇರಲಿಲ್ಲ.

ಸಮಿತಿಯ ಅಧ್ಯಕ್ಷರು ಹನ್ನೆರಡೂವರೆಗೆ ಬಂದರು. ಹಿಂದೆ ಪ್ರಿನ್ಸಿಪಾಲ ಶಿವಯೋಗಿ, ಕೈ ಹೊಸೆಯುತ್ತ.

"ಜಲ್ದಿ ಮುಗಸ್ರಿ" ಎಂದರು ಅಧ್ಯಕ್ಷರು. "ಊಟಕ್ಕ ಮುಂಡರಗಿ ಮುಟ್ಟಬೇಕು."

ಅಟೆಂಡರ್ ನಜೀರಸಾಬ ಒಲೆ ಹೊತ್ತಿಸಿದ್ದ. ದಾರ ಕಟ್ಟಿದ ತಾಮ್ರ ಕುದಿನೀರಿನಲ್ಲಿ ತೂಗುತ್ತಿತ್ತು. ನೇತ್ರಾ ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು "ಇದನ್ನ ಒತ್ತೂದೇನು?" ಎಂದು ತಾವೇ ಕೀಲಿ ಒತ್ತಿಬಿಟ್ಟರು.

ಪರದೆಯ ಮೇಲೆ ಮೂಡಿತು: 0.385.

"ಭೇಷ್. ಪುಸ್ತಕದಾಗ ಇದ್ದಂಗ ಬಂತು."

ನಜೀರಸಾಬ ನೇತ್ರಾಳ ಕಿವಿಯ ಹತ್ತಿರ ಬಗ್ಗಿದ. "ತಾಮ್ರ ಇನ್ನೂ ಜಳಕಾ ಮಾಡಾಕತ್ತೈತ್ರಿ, ಉತ್ತರ ಆಗಲೇ ಬಂದು ಕುಂತೈತಿ." ಅವಳು ಹಿಂದಿನ ಬೆಂಚಿನಲ್ಲಿ ಕೂತ ಮಕ್ಕಳತ್ತ ನೋಡಿದಳು. ಎಲ್ಲರ ಕಣ್ಣು ಪರದೆಯ ಮೇಲೆ. ಶಾಂಭವಿಯದು ಮಾತ್ರ ತನ್ನ ಕಾಲ ಮೇಲೆ. ಬಿಡಿಸಿ ಹೇಳುವುದೇ ಬೇಕಾಗಲಿಲ್ಲ.

ಅಧ್ಯಕ್ಷರು ಫಾರ್ಮಿನಲ್ಲಿ ಸಂಖ್ಯೆ ತುಂಬಿ ಮುಂದೆ ಸರಿಸಿದರು. "ಇಲ್ಲಿ ಸಹಿ ಮಾಡ್ರಿ."

ನೇತ್ರಾ ಒಲೆಯತ್ತ ಬೆರಳು ಮಾಡಿದಳು. "ಸರ್, ತಾಮ್ರ ಇನ್ನೂ ಡಬ್ಬಿಗೆ ಹಾಕೇ ಇಲ್ರಿ."

ಅವರು ಒಲೆಯತ್ತ ನೋಡಿದರು. ಬೆರಗಾಗಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

"ಇರಲಿ ಬಿಡ್ರಿ. ಹದಿನಾಲ್ಕು ಕಾಲೇಜು ನೋಡಿ ಬಂದೀನಿ, ಎಲ್ಲಾ ಕಡೆ ಇದ ಬಂದೈತಿ. ನಿಮ್ಮದೊಂದ ಬ್ಯಾರೆ ಬಂದ್ರ ಮ್ಯಾಲಿನವ್ರು ನನ್ನ ಕೇಳ್ತಾರ."

ಆ ಹದಿನಾಲ್ಕರಲ್ಲಿ ಎಷ್ಟು ಲ್ಯಾಬಿನ ನಲ್ಲಿಗೆ ನೀರಿತ್ತು, ಎಷ್ಟರ ಬೀಗ ತುಕ್ಕು ಹಿಡಿದಿತ್ತು? ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಒಲೆ ಹೊತ್ತದಿದ್ದರೂ ತಾಮ್ರ ತಪ್ಪದೆ ಕಾಯುವ ರಾಜ್ಯ ಅದು. ಅಲ್ಲಿ ಸುಳ್ಳಿಗೆ ಪರೀಕ್ಷೆಯಿಲ್ಲ. ಪರೀಕ್ಷೆಯೆಲ್ಲ ಖರೆ ಅಳೆಯಲು ಹೋದವರಿಗೆ.

"ಸಹಿ ಮಾಡ್ರಿ ನೇತ್ರಾ" ಎಂದರು ಶಿವಯೋಗಿ, ಮೆಲ್ಲಗೆ. "ಈ ಹುಡುಗ್ಯಾರ ಸಲುವಾಗಿ ಮಾಡ್ರಿ."

ಆ ಮಾತು ನಾಟಬೇಕಾದಲ್ಲೇ ನಾಟಿತು. ಒಂದು ಸಹಿ ಅಷ್ಟೇ. ಹುಡುಗಿ ಇನ್ನೆರಡು ವರ್ಷ ಕಲಿಯುತ್ತಾಳೆ. ನೇತ್ರಾ ಪೆನ್ನು ತೆಗೆದುಕೊಂಡಳು. ಅದರ ಮುಚ್ಚಳ ತೆಗೆದಳು.

ಅಧ್ಯಕ್ಷರು ಸಮಾಧಾನದ ದನಿಯಲ್ಲಿ ಅಂದರು: "ಈ ಹಳ್ಳಿ ಹುಡುಗ್ರಿಗೆ ಪಾಸಾದ್ರ ಸಾಕ್ರಿ. ಖರೆ ತಗೊಂಡು ಏನ್ ಮಾಡ್ತಾವ?"

ಬೆಂಚು ಕಿರುಗುಟ್ಟಿತು. ಶಾಂಭವಿ ಎದ್ದು ಬಂದು ಲ್ಯಾಪ್‌ಟಾಪ್ ತನ್ನತ್ತ ತಿರುಗಿಸಿಕೊಂಡಳು.

"ಆ ಸಾಲು ನಾನ ಬರದಿದ್ದೆರಿ, ನಿನ್ನೆ ಸಂಜಿಕ. ಏನ ಬಂದ್ರೂ 0.385 ಅಂತ ತೋರಸು ಅಂತ. ಮೇಡಂಗ ಗೊತ್ತಿಲ್ರಿ."

ಸಾಲು ಅಳಿಸಿದಳು. ದಾರ ಹಿಡಿದು ತಾಮ್ರವನ್ನೆತ್ತಿ ಸರಕ್ಕನೆ ಡಬ್ಬಿಗಿಳಿಸಿ ಮುಚ್ಚಳ ಹಾಕಿದಳು. ಗೆರೆ ಏರಿತು, ಬಾಗಿತು, ನಿಧಾನ ಇಳಿಯತೊಡಗಿತು. ಕೀಲಿ ಒತ್ತಿದಳು. 0.34.

"ಉಳಿದ ಕಾವು ಗಾಳಿಗೆ ಹೋತ್ರಿ, ಡಬ್ಬಿಗೆ ಹೋತ್ರಿ. ಎಷ್ಟೆಷ್ಟು ಅಂತ ನಾವು ತಗದೇವಿ. ನೋಡ್ತೀರೇನ್ರಿ?"

ಅಧ್ಯಕ್ಷರು ಗಡಿಯಾರ ನೋಡಿದರು.

ನೇತ್ರಾ 0.385ನ್ನು ಹೊಡೆದು ಹಾಕಿ ಪಕ್ಕದಲ್ಲಿ 0.34 ಎಂದು ಬರೆದು ಸಹಿ ಮಾಡಿದಳು. ಅಧ್ಯಕ್ಷರು ಕಾಗದವನ್ನು ಎರಡೇ ಬೆರಳಲ್ಲಿ ಎತ್ತಿಕೊಂಡರು. "ಇದು ಹಿಂಗ ಮ್ಯಾಲ ಹೋಗ್ತೈತಿ. ಆಮ್ಯಾಲ ನನ್ನ ಕೇಳಬ್ಯಾಡ್ರಿ."

ಕಾರು ಹೋಯಿತು. ಶಿವಯೋಗಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಮೇಡಂ, ನಮ್ಮಪ್ಪಗ ಏನ್ ಹೇಳ್ಲಿ?"

"ನೀ ಏನೂ ಹೇಳಬ್ಯಾಡ. ನಾನ ಬಂದು ಹೇಳ್ತೀನಿ, ನಡಿ."

"ಈಗಲೇ ಏನ್ರಿ?"

"ಈಗ. ನಾಳಿಗೆ ಅಂದ್ರ ಅಂಜಿಕಿ ಬಂದೀತು."

"ಈಗ ಅಂಜಿಕಿ ಇಲ್ಲೇನ್ರಿ?"

"ಐತಿ. ನಡಿ."

ಇಬ್ಬರೂ ಡಾಂಬರು ರಸ್ತೆಗೆ ಬಂದು, ಅಂತೂರ ಬೆಂತೂರದ ಟಂಟಂ ಆಟೋಕ್ಕೆ ಕಾಯುತ್ತ ನಿಂತರು.