ಕೋಟೆಬಾಗಿಲ ಕಲ್ಲುಗಳಿಗೆ ನಾನು ಬರೆದ ನಂಬರು

ಬಂದರಿನ ರಸ್ತೆ ಅಗಲ ಮಾಡಲು ಬಿಳಿಯರು ಊರಿನ ಹಳೇ ಕೋಟೆಬಾಗಿಲನ್ನು ಬಿಚ್ಚಿಸಿದಾಗ, ಒಂದೊಂದು ಕಲ್ಲಿಗೂ ಬಣ್ಣದಲ್ಲಿ ನಂಬರು ಬರೆಯುವ ಕೆಲಸ ನನ್ನದಾಗಿತ್ತು. ಆಗ ನನಗೆ ಇಪ್ಪತ್ತೆರಡು ವರ್ಷ, ಮೂಗಿನ ತುದಿಯಲ್ಲೇ ಕೋಪ. ಆ ಬಾಗಿಲನ್ನು ದೊರೆಯ ಬಂಗಲೆ ತೋಟದಲ್ಲಿ ಮತ್ತೆ ಕಟ್ಟಿಸುತ್ತಾರಂತೆ ಎಂದು ಕೇಳಿ ಮೈಯೆಲ್ಲ ಉರಿದುಹೋಯಿತು. ಹಡಗುಗಳ ಗುಂಡಿಗೆ ಎದೆಯೊಡ್ಡಿದ ಬಾಗಿಲು ಇವನ ಗುಲಾಬಿ ಗಿಡಗಳಿಗೆ ಕಾವಲು ನಿಲ್ಲಬೇಕೇ? ಕಮಾನಿನ ಮುನ್ನೂರು ಕಲ್ಲುಗಳಿಗೂ ಬೇಕೆಂದೇ ಅದಲುಬದಲು ನಂಬರು ಬರೆದೆ. ಅದು ಹೇಗೆ ಕಟ್ಟುತ್ತಾರೋ ನೋಡಿಯೇಬಿಡೋಣ ಅಂದುಕೊಂಡೆ.

ಅವರು ಕಟ್ಟಲೇ ಇಲ್ಲ. ಕಲ್ಲುಗಳನ್ನು ಗೋದಾಮಿನ ಹಿಂದೆ ರಾಶಿ ಹಾಕಿದರು. ಇಪ್ಪತ್ತು ವರ್ಷದ ಮೇಲೆ ದೇಶವನ್ನೇ ಬಿಟ್ಟು ಹೋದರು.

ಈಗ ನನಗೆ ಎಂಬತ್ತು. ನಮ್ಮವರೇ ಆ ಬಾಗಿಲನ್ನು ಮೊದಲಿದ್ದ ಕಡೆ ನಿಲ್ಲಿಸಲು ಹೊರಟಿದ್ದಾರೆ. ಕೆಲಸದ ಉಸ್ತುವಾರಿ ನನ್ನ ಮೊಮ್ಮಗಳದು. ಆರು ತಿಂಗಳಿಂದ ಕಲ್ಲು ಏರಿಸಿ, ಇಳಿಸಿ, ಸೋತುಹೋಗಿದ್ದಾಳೆ. ನಿನ್ನೆ ನನ್ನನ್ನು ಅಲ್ಲಿಗೆ ಕರೆದೊಯ್ದು ಕುರ್ಚಿ ಹಾಕಿ ಕೂರಿಸಿದಳು.

"ತಾತ, ನೀವು ಬರೆದ ನಂಬರ್ ಪ್ರಕಾರನೇ ಇಡ್ತಿದೀವಿ. ಒಂದಕ್ಕೊಂದು ಕೂರ್ತಾನೇ ಇಲ್ಲ. ನಿಮಗೇನಾದ್ರೂ ನೆನಪಿದ್ಯಾ?"

ಯಾವ ಕಲ್ಲಿಗೆ ಯಾವ ನಂಬರು ಕೊಟ್ಟೆನೋ, ದೇವರಾಣೆಗೂ ನೆನಪಿರಲಿಲ್ಲ. ಬೇಕೆಂದೇ ತಪ್ಪು ಕೊಟ್ಟದ್ದು ಮಾತ್ರ ನೆನಪಿತ್ತು.

"ಅವ್ರು ಹೇಳಿದ್ದನ್ನ ಬರ್ದೆ ಅಷ್ಟೇ ಕಣಮ್ಮ," ಎಂದೆ. "ಬೇಕಂತಲೇ ತಪ್ಪು ಹೇಳಿರ್ತಾರೆ, ಆ ಬಿಳಿಯರು."

ಮೇಸ್ತ್ರಿಗಳೆಲ್ಲ ಹೌದೌದೆಂದು ತಲೆಯಾಡಿಸಿದರು. ಮೊಮ್ಮಗಳು ನನಗೆ ಬಿಸಿಲು ತಾಕದಂತೆ ಕೊಡೆ ಹಿಡಿದಳು.